ಪರದೆ ಕಪ್ಪಾಗುವುದು ಹಿಂದಿನ ದಿನವೇ ಶುರುವಾಗಿರುತ್ತದೆ: ಪ್ಲೇಔಟ್ ಆಟೊಮೇಷನ್‌ನಲ್ಲಿ ಆನ್-ಏರ್ ತಪ್ಪು ತಡೆಯುವ ಬಗೆ

ಚಾನೆಲ್ ಕಪ್ಪಾದರೆ ಎಲ್ಲರ ಕಣ್ಣೂ ಎಂಸಿಆರ್‌ನಲ್ಲಿ (ಪ್ರಸಾರ ಹೊರಗೆ ಹೋಗುವ ಮುಖ್ಯ ನಿಯಂತ್ರಣ ಕೊಠಡಿಯಲ್ಲಿ) ಕೂತ ಆಪರೇಟರ್ ಮೇಲೆ ಬೀಳುತ್ತದೆ. ತಪ್ಪು ಅಲ್ಲೇ ಹುಟ್ಟಿರುವುದು ಅಪರೂಪ. ಹಿಂದಿನ ದಿನ ಶೆಡ್ಯೂಲಿಂಗ್‌ನಲ್ಲಿ ಒಬ್ಬರು ಸೆಗ್ಮೆಂಟಿನ ಅವಧಿಯನ್ನು 14:25 ಎಂದು ಹಾಕುವ ಜಾಗದಲ್ಲಿ 14:52 ಎಂದು ಹಾಕಿರುತ್ತಾರೆ. ಆಟೊಮೇಷನ್, ಅಂದರೆ ಪ್ಲೇಲಿಸ್ಟ್ ನೋಡಿ ಚಾನೆಲನ್ನು ತಾನಾಗಿ ನಡೆಸುವ ವ್ಯವಸ್ಥೆ, ಆ ಅಂಕಿಯನ್ನು ನಂಬುತ್ತದೆ. ಫೈಲ್ 14:25ಕ್ಕೆ ಮುಗಿಯುತ್ತದೆ, ಉಳಿದ 27 ಸೆಕೆಂಡು ಪರದೆಯ ಮೇಲೆ ಏನೂ ಇರುವುದಿಲ್ಲ. ಪ್ಲೇಲಿಸ್ಟಿನಲ್ಲಿ ಏನಿದೆಯೋ ಅದನ್ನು ಒಂದು ಫ್ರೇಮ್ ಆಚೀಚೆ ಆಗದ ಹಾಗೆ ಆಡಿಸುವುದಷ್ಟೇ ಆಟೊಮೇಷನ್ನಿನ ಕೆಲಸ. ಅಂಕಿ ತಪ್ಪಿದ್ದರೆ ತಪ್ಪನ್ನೂ ಅಷ್ಟೇ ಕರಾರುವಾಕ್ಕಾಗಿ ಆಡಿಸುತ್ತದೆ.

ಹಾಗಾಗಿ ಈ ಕೈಪಿಡಿ ಗಡಿಯಾರದ ಹಾದಿಯಲ್ಲೇ ನಡೆಯುತ್ತದೆ: ಹಿಂದಿನ ದಿನ ಪ್ಲೇಲಿಸ್ಟಿನಲ್ಲಿ ಏನು ನೋಡಬೇಕು, ಆನ್-ಏರ್‌ಗೆ ಮುಂಚಿನ ಗಂಟೆಗಳಲ್ಲಿ ಏನು, ಲೈವ್ ನಡೆಯುವಾಗ ಏನು, ಕೊನೆಗೆ ತಪ್ಪು ಆಗಿಯೇ ಹೋದಾಗ ಕೈ ಎಲ್ಲಿಗೆ ಹೋಗಬೇಕು.

ಪ್ಲೇಲಿಸ್ಟಿನ ಸಾಲು ಓದುವುದು

ಪ್ರತಿ ಸಾಲಿನಲ್ಲೂ ಶುರುವಾಗುವ ಹೊತ್ತು, ಶುರುವಾಗುವ ರೀತಿ, ಕ್ಲಿಪ್ ಐಡಿ, ಫೈಲಿನೊಳಗೆ ಎಲ್ಲಿಂದ ಶುರು ಎನ್ನುವ ಟೈಮ್‌ಕೋಡ್ (ಗಂಟೆ:ನಿಮಿಷ:ಸೆಕೆಂಡು:ಫ್ರೇಮ್ ಎಂದು ಬರೆಯುವ ಅಂಕಿ), ಅವಧಿ, ಸೋರ್ಸ್, ಟ್ರಾನ್ಸಿಷನ್ ಇರುತ್ತವೆ. ಹೊಸಬರು ಶೀರ್ಷಿಕೆ ನೋಡುತ್ತಾರೆ. ನೋಡಬೇಕಾದ್ದು ಶುರುವಾಗುವ ರೀತಿಯ ಕಾಲಮ್ಮನ್ನು. ಅಲ್ಲಿ ಮೂರು ಬಗೆ.

ಸೀಕ್ವೆನ್ಶಿಯಲ್ ಅಂದರೆ ಹಿಂದಿನದು ಮುಗಿದ ಕೂಡಲೇ ಶುರು. ಫೈಲುಗಳಿಗೆ ಇದೇ ಸರಿ. ಆದರೆ ಲೈವ್ ಸಾಲಿನ ಹಿಂದೆ ಸೀಕ್ವೆನ್ಶಿಯಲ್ ಇಟ್ಟರೆ, ಲೈವ್‌ಗೆ ನೀವು ಅಂದಾಜಿನಲ್ಲಿ ಕೊಟ್ಟ ಅವಧಿ ಮುಗಿದ ತಕ್ಷಣ ನಿರೂಪಕರ ಮಾತು ಅರ್ಧಕ್ಕೆ ತುಂಡಾಗಿ ಜಾಹೀರಾತು ಬರುತ್ತದೆ.

ಫಿಕ್ಸ್ಡ್ ಅಂದರೆ ಗಡಿಯಾರ ಹೇಳಿದ ಹೊತ್ತಿಗೆ ಶುರು, ಹಿಂದಿನದು ಮುಗಿದಿರಲಿ ಬಿಡಲಿ. ಹಿಂದಿನದು ಉದ್ದವಾಗಿದ್ದರೆ ಅದರ ಬಾಲ ಕತ್ತರಿಸುತ್ತದೆ. ಚಿಕ್ಕದಾಗಿದ್ದರೆ ನಡುವೆ ಕಪ್ಪು, ಇಲ್ಲವೇ ಕೊನೆಯ ಫ್ರೇಮ್ ನಿಂತುಹೋದ ಚಿತ್ರ.

ಮ್ಯಾನುಯಲ್ ಅಂದರೆ ಆಪರೇಟರ್ ಒತ್ತುವ ತನಕ ಲಿಸ್ಟ್ ನಿಂತು ಕಾಯುತ್ತದೆ. ಲೈವ್ ಆದ ಮೇಲೆ ಇದು ಬೇಕೇ ಬೇಕು. ಫೈಲ್ ಆದ ಮೇಲೆ ಇದ್ದರೆ ಅದು ಅಪಾಯ: ಫೈಲ್ ಮುಗಿಯುತ್ತದೆ, ಯಾರೂ ಒತ್ತದಿದ್ದರೆ ಪರದೆ ಸತ್ತಂತೆ ನಿಲ್ಲುತ್ತದೆ. ಪಾಳಿ ಬದಲಾಗುವ ಹೊತ್ತಿಗೆ ಇಂಥ ಸಾಲೊಂದು ಬಂದರೆ ಹೋಗುವವರು ಬಂದವರ ಮೇಲೆ, ಬಂದವರು ಹೋಗುವವರ ಮೇಲೆ ನಂಬಿಕೆ ಇಟ್ಟು ಸುಮ್ಮನಿರುತ್ತಾರೆ. ಪ್ಲೇಲಿಸ್ಟ್ ಕೈಗೆ ಬಂದಾಗ ಮ್ಯಾನುಯಲ್ ಸಾಲುಗಳನ್ನು ಮಾತ್ರ ಹುಡುಕಿ ಒಂದು ಚೀಟಿಯಲ್ಲಿ ಬರೆದಿಡಿ. ಪಾಳಿ ಒಪ್ಪಿಸುವಾಗ ಮೊದಲು ಆ ಚೀಟಿ ಕೊಡಿ.

ಫಿಕ್ಸ್ಡ್ ಮಾಡುವ ತಪ್ಪನ್ನು ಹತ್ತಿರದಿಂದ ನೋಡೋಣ. ಲಿಸ್ಟ್ ಹೀಗಿದೆ:

20:12:30 – ಬ್ರೇಕ್ 2 – ಅವಧಿ 03:10 – ಸೀಕ್ವೆನ್ಶಿಯಲ್
20:15:40 – ಧಾರಾವಾಹಿ, ಸೆಗ್ಮೆಂಟ್ 3 – ಅವಧಿ 14:25 – ಸೀಕ್ವೆನ್ಶಿಯಲ್
20:30:00 – ಸುದ್ದಿ – ಫಿಕ್ಸ್ಡ್

ಕೂಡಿ ನೋಡಿ. ಸೆಗ್ಮೆಂಟ್ ಮುಗಿಯುವುದು 20:30:05ಕ್ಕೆ. ಸುದ್ದಿ 20:30:00ಕ್ಕೆ ಬಂದೇ ಬರುತ್ತದೆ. ಕಳೆದುಹೋಗುವ 5 ಸೆಕೆಂಡು ಎಲ್ಲಿಯದು? ಇಡೀ ಎಪಿಸೋಡು ಯಾವ ಗಳಿಗೆಗಾಗಿ ಕಾದಿತ್ತೋ ಅದೇ ಗಳಿಗೆಯದು, ಕೊನೆಯ ಮಾತಿನದು. ಸರಿಪಡಿಸುವ ದಾರಿ ಇಷ್ಟು: ಬ್ರೇಕಿನಿಂದ 10 ಸೆಕೆಂಡಿನ ಒಂದು ಪ್ರೋಮೋ ತೆಗೆಯಿರಿ, ಆಗ 5 ಸೆಕೆಂಡು ಖಾಲಿ ಉಳಿಯುತ್ತದೆ, ಅಲ್ಲಿಗೆ 5 ಸೆಕೆಂಡಿನ ಐಡೆಂಟ್ (ಚಾನೆಲ್ಲಿನ ಗುರುತು ತೋರಿಸುವ ತುಣುಕು) ಹಾಕಿ. ಬಹುತೇಕ ಎಲ್ಲ ಆಟೊಮೇಷನ್‌ಗಳೂ ಇಂಥ ಗ್ಯಾಪ್ ಮತ್ತು ಓವರ್‌ಲ್ಯಾಪ್‌ಗಳನ್ನು ಬಣ್ಣ ಹಾಕಿ ತೋರಿಸುತ್ತವೆ. ಲಿಸ್ಟಿನ ತುಂಬ ಫಿಕ್ಸ್ಡ್ ಇದ್ದರೆ ಆ ಬಣ್ಣವೇ ಎಲ್ಲ ಕಡೆ ತುಂಬಿಕೊಂಡು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತಾಗುತ್ತದೆ. ಗಂಟೆಯ ಸುದ್ದಿ, ಬೇರೆ ಕೇಂದ್ರದ ಜೊತೆ ಒಟ್ಟಿಗೆ ಶುರುವಾಗಬೇಕಾದ ಪ್ರಸಾರ, ನಿಯಮದ ಪ್ರಕಾರ ಹೊತ್ತಿಗೇ ಹೋಗಬೇಕಾದ್ದು, ಇಷ್ಟಕ್ಕೆ ಮಾತ್ರ ಫಿಕ್ಸ್ಡ್ ಇರಲಿ. ಉಳಿದದ್ದು ಕೆಲವು ಸೆಕೆಂಡು ಹಿಂದೆ ಮುಂದೆ ಆದರೆ ನೋಡುಗರಿಗೆ ಗೊತ್ತೂ ಆಗುವುದಿಲ್ಲ. ಕತ್ತರಿಸಿದ ಮಾತು ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಒಂದು ಫ್ರೇಮಿನ ತೊಂದರೆ

ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಅಷ್ಟು ಹೊತ್ತು ಬೇರೆ ಚಿತ್ರ ಬಂದರೂ ಕಣ್ಣು ಹಿಡಿಯುತ್ತದೆ: ಏನೋ ಮಿಂಚಿ ಹೋಯಿತು ಅನ್ನಿಸುತ್ತದೆ. ಇದಕ್ಕೆ ದೊಡ್ಡ ಕಾರಣ ಕೊನೆಯ ಟೈಮ್‌ಕೋಡನ್ನು ಎರಡು ವ್ಯವಸ್ಥೆಗಳು ಎರಡು ರೀತಿ ಓದುವುದು. 15 ಸೆಕೆಂಡಿನ ಜಾಹೀರಾತು 10:00:00:00ಕ್ಕೆ ಶುರುವಾದರೆ ಅದರ ಕೊನೆಯ ಚಿತ್ರ 10:00:14:24. ಕೆಲವರು ಕೊನೆ ಎಂದರೆ ಈ ಕೊನೆಯ ಚಿತ್ರ ಎನ್ನುತ್ತಾರೆ, ಕೆಲವರು ಅದರ ಮುಂದಿನ 10:00:15:00 ಎನ್ನುತ್ತಾರೆ. ಇಂಜೆಸ್ಟ್‌ನವರು (ಫೈಲುಗಳನ್ನು ವ್ಯವಸ್ಥೆಯೊಳಗೆ ತುಂಬುವವರು) ಒಂದು ಲೆಕ್ಕ ಹಿಡಿದು ಆಟೊಮೇಷನ್ ಇನ್ನೊಂದು ಹಿಡಿದರೆ ಒಂದೋ ಒಂದು ಫ್ರೇಮ್ ಕಳೆಯುತ್ತದೆ, ಇಲ್ಲವೇ ಮುಂದಿನ ಕಪ್ಪೋ ಬಾರ್ಸೋ (ಬಣ್ಣದ ಪಟ್ಟಿಗಳ ಪರೀಕ್ಷಾ ಚಿತ್ರ) ಒಂದು ಫ್ರೇಮ್ ಇಣುಕುತ್ತದೆ. ಕೊನೆಯ ಟೈಮ್‌ಕೋಡನ್ನು ಕೈಯಿಂದ ತುಂಬುವ ಪದ್ಧತಿಯನ್ನೇ ಬಿಡಿ. ಶುರು ಮತ್ತು ಅವಧಿ ಎರಡನ್ನೇ ತುಂಬಿ, ಕೊನೆಯನ್ನು ಯಂತ್ರ ಲೆಕ್ಕ ಹಾಕಲಿ. ಫೈಲಿನ ಕೊನೆಗೆ ಕನಿಷ್ಠ ಒಂದು ಸೆಕೆಂಡು ಅದೇ ಚಿತ್ರ ಮೌನವಾಗಿ ಮುಂದುವರಿಯುವಂತೆ ಎಡಿಟಿಂಗ್‌ನವರಿಂದ ಮಾಡಿಸಿಕೊಳ್ಳಿ. ಕಟ್ ಎರಡು ಫ್ರೇಮ್ ತಡವಾದರೂ ಆಗ ಏನೂ ಕಾಣುವುದಿಲ್ಲ.

29.97 ಫ್ರೇಮಿನ ಲೆಕ್ಕದಲ್ಲಿ ಕೆಲಸ ಮಾಡುವ ಕಡೆ ಇನ್ನೊಂದು ತೊಡಕಿದೆ. ಡ್ರಾಪ್-ಫ್ರೇಮ್ ಟೈಮ್‌ಕೋಡ್ ಪ್ರತಿ ನಿಮಿಷದ ಶುರುವಿನಲ್ಲಿ ಎರಡು ಅಂಕಿಗಳನ್ನು ಬಿಟ್ಟು ಎಣಿಸುತ್ತದೆ, ಹತ್ತನೆಯ ನಿಮಿಷಗಳಲ್ಲಿ ಮಾತ್ರ ಬಿಡುವುದಿಲ್ಲ. ಬಿಟ್ಟುಹೋಗುವುದು ಅಂಕಿ ಮಾತ್ರ, ಚಿತ್ರವಲ್ಲ. ಗಂಟೆಗೆ ಹೀಗೆ ಬಿಡುವ ಅಂಕಿಗಳು 108, ಅಂದರೆ ಸುಮಾರು 3.6 ಸೆಕೆಂಡು. ಶೆಡ್ಯೂಲಿಂಗ್ ನಾನ್-ಡ್ರಾಪ್‌ನಲ್ಲಿ ಕೂಡಿ, ಪ್ಲೇಔಟ್ ಡ್ರಾಪ್‌ನಲ್ಲಿ ಓಡಿದರೆ ಗಂಟೆ ಗಂಟೆಗೂ ಅಂತರ ಬೆಳೆಯುತ್ತದೆ, ಒಂದು ದಿನಕ್ಕೆ 86 ಸೆಕೆಂಡು ದಾಟುತ್ತದೆ. ಕಾಯಿಲೆ ಗುರುತಿಸಲು ಇದೇ ಸುಳಿವು: ದಿನ ಕಳೆದಂತೆ ಬೆಳೆಯುವ ತಪ್ಪು ಎಣಿಕೆಯದು, ಬೆಳಗ್ಗೆಯೂ ರಾತ್ರಿಯೂ ಒಂದೇ ಅಳತೆಯಲ್ಲಿರುವ ತಪ್ಪು ಶುರುವಿನ ಟೈಮ್‌ಕೋಡಿನದು.

ಫೈಲ್ ಇದೆ ಎಂದರೆ ಸಾಲದು

ಪ್ಲೇಲಿಸ್ಟಿನಲ್ಲಿ ಹಸಿರು ಬಣ್ಣ ಬಂತೆಂದರೆ ಆ ಐಡಿಯ ಫೈಲ್ ಸರ್ವರಿನಲ್ಲಿದೆ ಎಂದಷ್ಟೇ ಅರ್ಥ. ಅದು ಸರಿಯಾದ ಫೈಲೋ, ಪೂರ್ತಿ ಬಂದಿದೆಯೋ, ಹೊಸ ಆವೃತ್ತಿಯೋ ಎಂದು ಹಸಿರು ಹೇಳುವುದಿಲ್ಲ.

ಅರ್ಧ ಬಂದ ಫೈಲಿನ ತೊಂದರೆ ಬಲು ಮೋಸದ್ದು. ಹೆಸರು ಕಾಣುತ್ತದೆ, ಮೊದಲ ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ನಿಂತುಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 50 ಮೆಗಾಬಿಟ್‌ನ ಫೈಲ್ ಒಂದು ಗಂಟೆಯದಾದರೆ ಚಿತ್ರವೊಂದೇ 22.5 ಗಿಗಾಬೈಟ್. ಒಂದು ಗಿಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ 100 ಮೆಗಾಬೈಟ್ ಸಿಕ್ಕರೆ 225 ಸೆಕೆಂಡು, ನಾಲ್ಕು ನಿಮಿಷಕ್ಕೆ ಹತ್ತಿರ. ಅದೇ ಲೈನಿನಲ್ಲಿ ಇನ್ನೂ ಒಂಬತ್ತು ಫೈಲುಗಳು ಹೋಗುತ್ತಿದ್ದರೆ ಸುಮಾರು 40 ನಿಮಿಷ. ಸಂಜೆ ಎಲ್ಲ ಎಡಿಟ್‌ಗಳೂ ಒಟ್ಟಿಗೆ ಮುಗಿಯುವ ಹೊತ್ತಿಗೆ ಆಗುವುದು ಇದೇ. ಕಾರ್ಯಕ್ರಮ ನಾಲ್ಕು ಗಂಟೆ ಮುಂಚೆ, ಜಾಹೀರಾತು ಎರಡು ಗಂಟೆ ಮುಂಚೆ ಪ್ಲೇಔಟ್ ಸರ್ವರಿನಲ್ಲಿರಬೇಕು ಎನ್ನುವ ಗಡುವು ಇಟ್ಟುಕೊಳ್ಳಿ. ಗಡುವು ಮೀರಿ ಬಂದ ಫೈಲಿಗೆ ಒಬ್ಬರು ಜವಾಬ್ದಾರಿ ಹೊತ್ತು ಹೆಸರು ಬರೆಯಲಿ. ವರ್ಗಾವಣೆ ಮುಗಿದ ಮೇಲೆ ಚೆಕ್‌ಸಮ್ (ಫೈಲ್ ಪೂರ್ತಿ ಬಂದಿದೆಯೇ ಎಂದು ತಿಳಿಸುವ ಲೆಕ್ಕದ ಅಂಕಿ) ಹೋಲಿಸುವ ವ್ಯವಸ್ಥೆ ಇದ್ದರೆ ಅದನ್ನು ವೇಗದ ಆಸೆಗೆ ಆರಿಸಬೇಡಿ.

ಹಳೆ ಆವೃತ್ತಿ ಪ್ರಸಾರವಾಗುವ ತಪ್ಪಿಗೆ ಮೂಲ, ತಿದ್ದಿದ ಫೈಲನ್ನು ಅದೇ ಐಡಿಯಲ್ಲಿ ಮತ್ತೆ ಹಾಕುವುದು. ಆರ್ಕೈವಿನಲ್ಲಿ ಹೊಸದು ಕೂತಿರುತ್ತದೆ. ಪ್ಲೇಔಟ್ ಸರ್ವರಿಗೆ ಆ ಐಡಿ ತನ್ನಲ್ಲಿ ಮೊದಲೇ ಇದೆ ಎಂದು ಗೊತ್ತಿರುವುದರಿಂದ ಹೊಸದನ್ನು ಕೇಳುವುದೇ ಇಲ್ಲ. ಮುಖ್ಯ ಸರ್ವರಿನಲ್ಲಿ ಹೊಸದು, ಬ್ಯಾಕಪ್‌ನಲ್ಲಿ ಹಳೆಯದು ಉಳಿಯುವುದು ಇನ್ನೂ ಕೆಟ್ಟದ್ದು: ಚೇಂಜ್‌ಓವರ್ ಆಗಿ ಬ್ಯಾಕಪ್‌ಗೆ ಹೋದ ದಿನವೇ ಅದು ಹೊರಬೀಳುತ್ತದೆ. ಏನೇ ತಿದ್ದಿದರೂ ಹೊಸ ಐಡಿ ಕೊಡಿ, ಹಳೆಯದನ್ನು ಅಳಿಸಿ, ಲಿಸ್ಟಿನಲ್ಲಿ ಬದಲಿಸಿ. ಹಾಗೆಯೇ ಐಡಿಯ ಉದ್ದದ ಮೇಲೂ ಕಣ್ಣಿರಲಿ. ಸರ್ವರನ್ನು ನಡೆಸುವ ವಿಡಿಸಿಪಿ ಪ್ರೋಟೊಕಾಲಿನ ಹಳೆಯ ರೂಪದಲ್ಲಿ ಐಡಿಗೆ 8 ಅಕ್ಷರ ಮಾತ್ರ. ಹಳೆ ಉಪಕರಣವೊಂದು ಸಾಲಿನಲ್ಲಿದ್ದರೆ 'ಪ್ರೋಮೋ001ಎ' 'ಪ್ರೋಮೋ001ಬಿ' ಥರದ ಉದ್ದ ಐಡಿಗಳ ಬಾಲ ಕತ್ತರಿಸಿಹೋಗಿ ಎರಡೂ ಒಂದೇ ಆಗಿಬಿಡಬಹುದು. ವ್ಯತ್ಯಾಸ ತೋರಿಸುವ ಅಕ್ಷರವನ್ನು ಕೊನೆಗೆ ಇಡದೆ ಮೊದಲೇ ಇಡುವುದು ಒಳ್ಳೆಯದು.

ಆಟೊಮ್ಯಾಟಿಕ್ ಕ್ಯೂಸಿ (ಯಂತ್ರ ಮಾಡುವ ಗುಣಮಟ್ಟದ ತಪಾಸಣೆ) ಕಪ್ಪು, ನಿಂತ ಚಿತ್ರ, ಮೌನ, ಜೋರು ಶಬ್ದ, ಮಿತಿ ಮೀರಿದ ಬಣ್ಣ, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗುವ ಬೆಳಕು, ಇವನ್ನೆಲ್ಲ ಹಿಡಿಯುತ್ತದೆ. ಬೇರೆ ಎಪಿಸೋಡು, ಬೇರೆ ಭಾಷೆಯ ಟ್ರ್ಯಾಕು, ಹೆಸರಿನಲ್ಲಿ ಅಕ್ಷರ ತಪ್ಪಿದ ಆಸ್ಟನ್ (ಪರದೆಯ ಕೆಳಗೆ ಬರುವ ಹೆಸರಿನ ಪಟ್ಟಿ), ಇವು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಮನುಷ್ಯರ ಕಣ್ಣೇ ಬೇಕು. ಪೂರ್ತಿ ನೋಡಲು ಪುರುಸೊತ್ತಿಲ್ಲದಿದ್ದರೆ ಮೊದಲ 30 ಸೆಕೆಂಡು, ಕೊನೆಯ 30 ಸೆಕೆಂಡು, ಪ್ರತಿ ಬ್ರೇಕಿನ ಆಚೆ ಈಚೆ, ಮಧ್ಯೆ ಎಲ್ಲಾದರೂ ಒಂದು ಕಡೆ ನೋಡಿ. ಒಮ್ಮೆ ಧ್ವನಿಯನ್ನು ಮೊನೊ ಮಾಡಿ ಕೇಳಿ. ಎಡ ಬಲ ಚಾನೆಲ್‌ಗಳ ಫೇಸ್ (ಧ್ವನಿಯ ಅಲೆಯ ಏರಿಳಿತ) ಒಂದಕ್ಕೊಂದು ಉಲ್ಟಾ ಆಗಿದ್ದರೆ ಸ್ಟೀರಿಯೋದಲ್ಲಿ ಏನೋ ಟೊಳ್ಳು ಅನ್ನಿಸುತ್ತದೆ ಅಷ್ಟೇ. ಮೊನೊದಲ್ಲಿ ಮಾತು ಪೂರ್ತಿ ಮಾಯವಾಗುತ್ತದೆ, ಒಂದೇ ಸ್ಪೀಕರಿನ ಟೀವಿ ಇರುವ ಮನೆಯಲ್ಲಿ ಆಗುವುದೂ ಅದೇ.

ಲೈವ್: ಅಂದಾಜಿನ ಜೊತೆ ಬದುಕುವುದು

ಲೈವ್ ಸಾಲಿನ ಅವಧಿ ಒಂದು ಅಂದಾಜು. ಆ ಅಂದಾಜನ್ನು ನಂಬಿ ಕೂತ ಲಿಸ್ಟಿಗೆ ಬ್ರೇಕ್ ಯಾವಾಗ ಎಂದು ಗೊತ್ತಿರುವುದಿಲ್ಲ, ಆದ್ದರಿಂದ ಇಲ್ಲಿ ಕೆಲಸ ಮತ್ತೆ ಮನುಷ್ಯರ ಕೈಗೆ ಬರುತ್ತದೆ. ಪಿಸಿಆರ್‌ಗೂ (ಕಾರ್ಯಕ್ರಮ ನಡೆಸುವ ನಿಯಂತ್ರಣ ಕೊಠಡಿಗೂ) ಎಂಸಿಆರ್‌ಗೂ ನಡುವೆ ಒಂದೇ ಧ್ವನಿ ಎಣಿಸಬೇಕು. 'ಬ್ರೇಕ್‌ಗೆ ಎರಡು ನಿಮಿಷ', 'ಒಂದು ನಿಮಿಷ', 'ಮೂವತ್ತು', 'ಹತ್ತು', ಆಮೇಲೆ ಐದರಿಂದ ಇಳಿಕೆ. 'ಇನ್ನೇನು ಮುಗೀತು', 'ರೆಡಿ ಇರಿ' ಎನ್ನುವ ಮಾತುಗಳಿಗೆ ಜಾಗ ಇರಬಾರದು. ಅವನ್ನು ಒಬ್ಬೊಬ್ಬರು ಒಂದೊಂದು ಥರ ಕೇಳಿಸಿಕೊಳ್ಳುತ್ತಾರೆ.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಎಣಿಕೆ ಕೇಳಿಬರುವುದು ಟಾಕ್‌ಬ್ಯಾಕ್ ಲೈನಿನಲ್ಲಿ (ಸಿಬ್ಬಂದಿ ತಮ್ಮೊಳಗೆ ಮಾತಾಡುವ ಲೈನು), ಅದು ಹೆಚ್ಚುಕಡಿಮೆ ಆ ಕ್ಷಣದ್ದೇ. ಚಿತ್ರ ಬರುವುದು ಎನ್‌ಕೋಡರ್, ಉಪಗ್ರಹ, ಡಿಕೋಡರ್ ದಾಟಿ. ಭೂಸ್ಥಿರ ಉಪಗ್ರಹದ ಒಂದು ಹೋಗಿಬರುವಿಕೆಗೇ ಕಾಲು ಸೆಕೆಂಡು, ಎನ್‌ಕೋಡರ್ ಡಿಕೋಡರ್ ಸೇರಿ ಒಂದೆರಡು ಸೆಕೆಂಡು ಆಗುವುದು ಮಾಮೂಲು. 'ಸೊನ್ನೆ' ಕೇಳಿದ ಕೂಡಲೇ ಟೇಕ್ (ಮುಂದಿನ ಸಾಲಿಗೆ ಹೋಗುವ ಬಟನ್) ಒತ್ತಿದರೆ ನಿರೂಪಕರ ಕೊನೆಯ ಎರಡು ಸೆಕೆಂಡು ನುಂಗಿಹೋಗುತ್ತದೆ, ನೋಡುಗರಿಗೆ 'ಚಿಕ್ಕ ಬ್ರೇಕ್ ನಂತ' ಎನ್ನುವವರೆಗೆ ಮಾತ್ರ ಕೇಳಿಸುತ್ತದೆ. ಎಣಿಕೆ ಕೈಯನ್ನು ಸಿದ್ಧ ಮಾಡಲಿ. ಕಟ್ ಮಾತ್ರ ನಿಮ್ಮ ಮಾನಿಟರಿಗೆ ಬಂದ ಚಿತ್ರ ನೋಡಿ ಆಗಲಿ. ಕಾರ್ಯಕ್ರಮಕ್ಕೆ ಮುಂಚೆ ವಿಳಂಬವನ್ನು ಅಳೆದುಕೊಳ್ಳಿ: ಆ ತುದಿಯಲ್ಲಿ ಒಬ್ಬರು ಕ್ಯಾಮೆರಾ ಮುಂದೆ ಟಾಕ್‌ಬ್ಯಾಕಿನಲ್ಲಿ ಎಣಿಸುತ್ತಾ ಚಪ್ಪಾಳೆ ತಟ್ಟಲಿ, ಕಿವಿಗೆ ಕೇಳಿದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ಇರುವ ಅಂತರವನ್ನು ಬರೆದು ಡೆಸ್ಕಿಗೆ ಅಂಟಿಸಿ. ಹಾಗೆಯೇ ಆಫ್-ಏರ್ ಮಾನಿಟರ್ ನೋಡಿ ಎಂದೂ ಕಟ್ ಮಾಡಬೇಡಿ. ಅದು ನಿಮ್ಮ ಪ್ರೋಗ್ರಾಂ ಔಟಿಗಿಂತ (ನಿಮ್ಮ ಕೊಠಡಿಯಿಂದ ಹೊರಡುವ ಚಿತ್ರಕ್ಕಿಂತ) ಹಲವು ಸೆಕೆಂಡು ಹಿಂದಿರುತ್ತದೆ. ಅದು ಇರುವುದು ಹೊರಗೆ ತಲುಪಿದೆಯೇ ಎಂದು ನೋಡಲು.

ಮುಂದಿನ ಸಾಲು ಶುರುವಾಗಲು 30 ಸೆಕೆಂಡು ಉಳಿದಾಗ ಅದನ್ನು ತಿದ್ದುವುದನ್ನು ನಿಲ್ಲಿಸಿ. ಆಟೊಮೇಷನ್ ಆ ಹೊತ್ತಿಗೆ ಕ್ಲಿಪ್ಪನ್ನು ಕ್ಯೂ ಮಾಡಿ (ಓಡಲು ಸಿದ್ಧವಾಗಿಟ್ಟು) ಸಾಲನ್ನು ಲಾಕ್ ಮಾಡಿರುತ್ತದೆ, ಇಲ್ಲವೇ ಮಾಡುತ್ತಿರುತ್ತದೆ. ಆಗ ಅಳಿಸಿದ ಸಾಲು ಪರದೆಯಿಂದ ಹೋದರೂ ಸರ್ವರಿನಲ್ಲಿ ಕ್ಯೂ ಆಗಿಯೇ ಉಳಿದು ಓಡಿಬಿಡಬಹುದು. ಕೊನೆಯ ಗಳಿಗೆಯಲ್ಲಿ ಬಳಸಬೇಕಾದ್ದು ಹೋಲ್ಡ್, ಸ್ಕಿಪ್, ಟೇಕ್ ಈ ಮೂರನ್ನೇ.

ನಿಮ್ಮ ಚಾನೆಲನ್ನು ಮನೆಗಳಿಗೆ ತಲುಪಿಸುವ ಜಾಲಗಳು ನಿಮ್ಮ ಬ್ರೇಕಿನಲ್ಲಿ ತಮ್ಮ ಜಾಹೀರಾತು ಸೇರಿಸಿಕೊಳ್ಳುವ ವ್ಯವಸ್ಥೆ ಇದ್ದರೆ, ಬ್ರೇಕ್ ಬರುತ್ತಿದೆ ಎಂದು ಅವರ ಯಂತ್ರಕ್ಕೆ ತಿಳಿಸುವ ಎಸ್‌ಸಿಟಿಇ-35 ಸೂಚನೆಯನ್ನೂ ನೆನಪಿಡಬೇಕು. ಅದು ಬ್ರೇಕಿಗೆ ಕನಿಷ್ಠ 4 ಸೆಕೆಂಡು ಮುಂಚೆ ಹೋಗಿರಬೇಕು. ಲೈವ್‌ನಿಂದ ಗಡಿಬಿಡಿಯಲ್ಲಿ ಟೇಕ್ ಒತ್ತಿ ಬ್ರೇಕಿಗೆ ಹಾರಿದರೆ ಸೂಚನೆ ತಡವಾಗುತ್ತದೆ, ಅವರ ಮೊದಲ ಜಾಹೀರಾತು ಹೋಗುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಸೂಚನೆ ಹೋದ ಮೇಲೆ ಬ್ರೇಕನ್ನು ರದ್ದು ಮಾಡುವುದು: ನಿಮ್ಮ ಕಡೆ ಲೈವ್ ನಡೆಯುತ್ತಲೇ ಇರುತ್ತದೆ, ಅವರ ಕಡೆ ಅದರ ಮೇಲೆ ಜಾಹೀರಾತು ಓಡುತ್ತದೆ. ರದ್ದು ಮಾಡುವ ಸೂಚನೆ ಕಳಿಸುವ ಬಟನ್ ಎಲ್ಲಿದೆ ಎಂದು ಪಾಳಿಯ ಪ್ರತಿಯೊಬ್ಬರಿಗೂ ಗೊತ್ತಿರಲಿ.

ಲೈವ್ ಎಳೆದುಕೊಂಡು ಹೋಗಿ ಲಿಸ್ಟ್ ಹಿಂದೆ ಬಿದ್ದರೆ ಮೊದಲು ಫಿಲ್ಲರ್ (ಖಾಲಿ ಹೊತ್ತು ತುಂಬುವ ತುಣುಕು) ತೆಗೆಯಿರಿ, ಆಮೇಲೆ ಪ್ರೋಮೋ. ದುಡ್ಡು ಕೊಟ್ಟ ಜಾಹೀರಾತನ್ನು ಅಳಿಸಬೇಡಿ, ಮುಂದಿನ ಬ್ರೇಕಿಗೆ ಸರಿಸಿ, ಸರಿಸಿದ್ದನ್ನು ಟ್ರಾಫಿಕ್‌ಗೆ (ಜಾಹೀರಾತುಗಳ ಲೆಕ್ಕ ನೋಡುವ ವಿಭಾಗಕ್ಕೆ) ತಿಳಿಸಿ. ಒಂದೇ ಬಗೆಯ ಸರಕಿನ ಎರಡು ಕಂಪನಿಗಳ ಜಾಹೀರಾತು ಅಕ್ಕಪಕ್ಕ ಬರದಂತೆ ನೋಡಿ. ಲೈವ್ ಬೇಗ ಮುಗಿದರೆ ತುಂಬಲು ಪ್ರತಿ ಸರ್ವರಿನಲ್ಲೂ 5, 10, 15, 30 ಸೆಕೆಂಡಿನ ಐಡೆಂಟ್‌ಗಳೂ 1, 3, 5, 10 ನಿಮಿಷದ ಫಿಲ್ಲರ್‌ಗಳೂ ಅಳಿಸಲಾಗದಂತೆ ಇರಲಿ. ಫಿಲ್ಲರಿನಲ್ಲಿ ದಿನ, ಹಬ್ಬ, ಋತುವಿನ ಮಾತು ಇರಬಾರದು. ನಗುನಗುವ ಹಾಡಿನ ತುಣುಕೂ ಬೇಡ, ಅದು ಹೋಗಬೇಕಾದ ಹೊತ್ತು ದುಃಖದ ಸುದ್ದಿಯ ಬೆನ್ನಿಗೇ ಇರಬಹುದು.

ಲೋಗೋ, ಸ್ಕ್ರೋಲ್ ಮತ್ತು ಅಂಟಿಕೊಂಡ ಇತರ ಸಾಲುಗಳು

ಮುಖ್ಯ ಸಾಲಿಗೆ ಅಂಟಿಕೊಂಡು ಲೋಗೋ, ಸ್ಕ್ರೋಲ್, 'ಮುಂದೆ ನೋಡಿ' ಪಟ್ಟಿ, ವಾಯ್ಸ್‌ಓವರ್ ಇರುತ್ತವೆ. ಜಾಹೀರಾತಿನ ಮೇಲೆ ಲೋಗೋ ಉಳಿಯುವುದು, ಕಾರ್ಯಕ್ರಮದ ತುಂಬ ಲೋಗೋ ಇಲ್ಲದಿರುವುದು, ಎರಡಕ್ಕೂ ಕಾರಣ ಒಂದೇ. ಬ್ರೇಕಿನ ಮೊದಲ ಸ್ಪಾಟಿಗೆ 'ಲೋಗೋ ಆಫ್' ಅಂಟಿಸಿರುತ್ತಾರೆ. ಆ ಸ್ಪಾಟನ್ನು ಯಾರೋ ಸ್ಕಿಪ್ ಮಾಡಿದರೆ ಅದರ ಜೊತೆ ಆಫ್ ಆಜ್ಞೆಯೂ ಹೋಯಿತು. ಸರಿಯಾದ ಪದ್ಧತಿ ಎಂದರೆ ಪ್ರತಿ ಸಾಲೂ ತನ್ನ ಲೋಗೋ ಸ್ಥಿತಿಯನ್ನು ತಾನೇ ಹೊತ್ತಿರಬೇಕು: ಈ ಸಾಲು ಓಡುವಾಗ ಲೋಗೋ ಇದೆ, ಈ ಸಾಲಿಗೆ ಇಲ್ಲ. ಆಗ ಯಾವ ಸಾಲಿಂದ ಯಾವುದಕ್ಕೆ ಹಾರಿದರೂ ಲೋಗೋ ತನ್ನಿಂದ ತಾನೇ ಸರಿಹೋಗುತ್ತದೆ. 'ಮುಂದೆ ನೋಡಿ' ಪಟ್ಟಿಯನ್ನು ಶುರುವಿನಿಂದ ಎಣಿಸದೆ ಸೆಗ್ಮೆಂಟಿನ ಕೊನೆಯಿಂದ ಹಿಂದಕ್ಕೆ ಎಣಿಸಿ ಇಡಿ. ಅದರಲ್ಲಿರುವ ಕಾರ್ಯಕ್ರಮದ ಹೆಸರು ಲಿಸ್ಟಿನಿಂದಲೇ ಬರಲಿ. ಕೈಯಲ್ಲಿ ಟೈಪ್ ಮಾಡಿದ ಪಟ್ಟಿ ಶೆಡ್ಯೂಲ್ ಬದಲಾದ ದಿನ ಸುಳ್ಳು ಹೇಳುತ್ತದೆ.

ಧ್ವನಿ

ಇಬಿಯು (ಯುರೋಪಿನ ಪ್ರಸಾರಕರ ಒಕ್ಕೂಟ) ಆರ್128 ಪ್ರಕಾರ ಕಾರ್ಯಕ್ರಮದ ಸರಾಸರಿ ಜೋರು ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ, ಅದರ ಒಂದು ಮೆಟ್ಟಿಲು ಎಲ್‌ಯು), ಟ್ರೂ ಪೀಕ್ (ಧ್ವನಿಯ ಅತಿ ಎತ್ತರದ ತುದಿ) ಮೈನಸ್ 1 ಡೆಸಿಬೆಲ್ ಮೀರಬಾರದು. ಲೈವ್‌ಗೆ ಒಂದು ಎಲ್‌ಯು ಆಚೀಚೆ ಒಪ್ಪಿಗೆ. ಅಮೆರಿಕದ ಎಟಿಎಸ್‌ಸಿ ಎ/85 ಪಾಲಿಸುವ ಕಡೆ ಮೈನಸ್ 24. ಜಾಹೀರಾತು ಬಂದ ಕೂಡಲೇ ಮನೆಯವರು ರಿಮೋಟ್ ಹುಡುಕುವುದು ಈ ಅಂಕಿ ತಪ್ಪಿದ್ದರಿಂದ. ಫೈಲನ್ನು ಇಂಜೆಸ್ಟ್‌ನಲ್ಲೇ ಸರಿಪಡಿಸಿ. ಔಟ್‌ಪುಟ್‌ನಲ್ಲಿ ಕೂತ ಪ್ರೊಸೆಸರಿಗೆ ಬಿಟ್ಟರೆ ಅದು ಮೆಲುದನಿಯ ದೃಶ್ಯದಲ್ಲಿ ಫ್ಯಾನಿನ ಸದ್ದನ್ನೂ ಮೇಲೆತ್ತಿ ಕೇಳಿಸುತ್ತದೆ.

ತುಟಿಗೂ ಮಾತಿಗೂ ತಾಳ ತಪ್ಪುವುದಕ್ಕೆ ಇಬಿಯು ಆರ್37 ಹಾಕಿದ ಮಿತಿ: ಧ್ವನಿ 40 ಮಿಲಿಸೆಕೆಂಡಿಗಿಂತ ಮುಂದೆ ಇರಬಾರದು, 60ಕ್ಕಿಂತ ಹಿಂದೆ ಬೀಳಬಾರದು. ಮುಂದೆ ಇರುವುದಕ್ಕೆ ಕಡಿಮೆ ಸಲಿಗೆ ಇರುವುದೇಕೆಂದರೆ ಲೋಕದಲ್ಲಿ ಬೆಳಕಿಗಿಂತ ಸದ್ದು ಮೊದಲು ಬರುವುದನ್ನು ನಾವು ಎಲ್ಲೂ ಕಂಡಿಲ್ಲ. ಚಿತ್ರವನ್ನು ಕುಗ್ಗಿಸುವ, ಫ್ರೇಮ್ ಹೊಂದಿಸುವ ಒಂದೊಂದು ಉಪಕರಣವೂ ಒಂದೆರಡು ಫ್ರೇಮ್ ತಡ ಮಾಡುತ್ತದೆ, ಧ್ವನಿಗೆ ಅಷ್ಟೇ ತಡ ಕೊಡದಿದ್ದರೆ ಮಾತು ಮುಂದೋಡುತ್ತದೆ. ಡಾಲ್ಬಿ ಇ (ಹಲವು ಚಾನೆಲ್‌ಗಳ ಧ್ವನಿಯನ್ನು ಒಂದು ಜೋಡಿ ಟ್ರ್ಯಾಕಿನಲ್ಲಿ ಸಂಕೇತವಾಗಿ ಅಡಕುವ ಪದ್ಧತಿ) ಬಳಸುವವರು ಇನ್ನೊಂದು ನೆನಪಿಡಿ: ಆ ಜೋಡಿ ಟ್ರ್ಯಾಕನ್ನು ಡಿಕೋಡ್ ಮಾಡದೆ ಸಾಮಾನ್ಯ ಧ್ವನಿ ಎಂದು ಹೊರಗೆ ಬಿಟ್ಟರೆ ಕಿವಿ ಕೊರೆಯುವ ಕರ್ಕಶ ಸದ್ದು ಬರುತ್ತದೆ. ಮೀಟರಿನಲ್ಲಿ ಮುಳ್ಳು ಅಲುಗಾಡದೆ ಮೇಲೆ ನಿಂತ ಟ್ರ್ಯಾಕು ಕಂಡರೆ ಅದು ಮಾತಲ್ಲ ಎಂದು ತಿಳಿಯಿರಿ.

ಗಡಿಯಾರ

ಶೆಡ್ಯೂಲಿಂಗ್, ಆಟೊಮೇಷನ್, ಸರ್ವರ್, ಗ್ರಾಫಿಕ್ಸ್ ಎಲ್ಲವೂ ಒಂದೇ ಮೂಲದಿಂದ ಹೊತ್ತು ತೆಗೆದುಕೊಳ್ಳಬೇಕು. ಐಪಿ ವ್ಯವಸ್ಥೆಗಳಲ್ಲಿ ಪಿಟಿಪಿ (ಜಾಲದ ಮೂಲಕ ಹೊತ್ತು ಹಂಚುವ ಪದ್ಧತಿ) ಬಳಸುವಾಗ ಎಲ್ಲೋ ಒಂದು ಉಪಕರಣ ಸರಿಯಾಗಿ 37 ಸೆಕೆಂಡು ಮುಂದಿದ್ದರೆ ಕಾರಣ ಹುಡುಕುತ್ತಾ ಅಲೆಯಬೇಕಿಲ್ಲ. ಪಿಟಿಪಿ ನಡೆಯುವುದು ಟಿಎಐ (ಪರಮಾಣು ಗಡಿಯಾರಗಳ) ಕಾಲಮಾನದಲ್ಲಿ, ಅದು 2016ರ ಕೊನೆಗೆ ಸೇರಿಸಿದ ಲೀಪ್ ಸೆಕೆಂಡಿನಿಂದೀಚೆಗೆ ಯುಟಿಸಿಗಿಂತ (ಲೋಕವೆಲ್ಲ ಗಡಿಯಾರ ಹೊಂದಿಸುವ ಕಾಲಮಾನಕ್ಕಿಂತ) 37 ಸೆಕೆಂಡು ಮುಂದಿದೆ. ಆ ಅಂತರ ಕಳೆಯುವ ಸೆಟ್ಟಿಂಗ್ ಅಲ್ಲಿ ತಪ್ಪಿದೆ. ಪ್ರಸಾರದ ದಿನ ಬೆಳಗ್ಗೆ 6ಕ್ಕೆ ಶುರುವಾಗುವ ಕಡೆ ನಡುರಾತ್ರಿ ಕಳೆದ 1:30ನ್ನು 25:30 ಎಂದು ಬರೆಯುವುದುಂಟು. ಆ ಲಿಸ್ಟನ್ನು ಆಟೊಮೇಷನ್ ಮರುದಿನದ 01:30 ಎಂದು ಓದುತ್ತದೆಯೋ, ತಪ್ಪು ಎಂದು ಬಿಸಾಕುತ್ತದೆಯೋ ಎಂದು ಹಗಲಲ್ಲೇ ಪರೀಕ್ಷಿಸಿ.

ಎಚ್ಚರಿಕೆ ಗಂಟೆಗಳು

ಕಪ್ಪಿಗೆ 3 ಸೆಕೆಂಡು, ಮೌನಕ್ಕೆ 8ರಿಂದ 10, ನಿಂತ ಚಿತ್ರಕ್ಕೆ 10ರಿಂದ 15 ಸೆಕೆಂಡು, ಇಲ್ಲಿಂದ ಶುರುಮಾಡಿ ನಿಮ್ಮ ಚಾನೆಲ್ಲಿಗೆ ಹೊಂದಿಸಿಕೊಳ್ಳಿ. ತೀರಾ ಚುರುಕಾಗಿಟ್ಟರೆ ಸಿನಿಮಾದ ಪ್ರತಿ ಮೌನಕ್ಕೂ ಗಂಟೆ ಬಾರಿಸುತ್ತದೆ, ಒಂದು ವಾರದಲ್ಲಿ ಯಾರಾದರೂ ಅದರ ಸದ್ದನ್ನು ಆರಿಸುತ್ತಾರೆ. ಗಂಟೆಯನ್ನು ಎರಡು ಕಡೆ ಇಡಿ: ಪ್ರೋಗ್ರಾಂ ಔಟಿನಲ್ಲಿ ಒಂದು, ಹೊರಗಿಂದ ವಾಪಸು ಬರುವ ಸಿಗ್ನಲಿನಲ್ಲಿ ಒಂದು. ಎರಡನೆಯದು ಮಾತ್ರ ಬಾರಿಸಿದರೆ ತೊಂದರೆ ನಿಮ್ಮ ಕೊಠಡಿಯ ಆಚೆಯದು, ಲಿಸ್ಟಿಗೆ ಕೈ ಹಚ್ಚಬೇಡಿ.

ತಪ್ಪು ಆನ್-ಏರ್ ಆದಾಗ

1. ಮೊದಲು ಪರದೆ ಮುಚ್ಚಿ. ಸ್ವಿಚರಿನಲ್ಲಿ (ಯಾವ ಮೂಲದ ಚಿತ್ರ ಹೊರಗೆ ಹೋಗಬೇಕೆಂದು ಆರಿಸುವ ಯಂತ್ರ) ಒಂದು ಬಟನ್ ಯಾವಾಗಲೂ ಐಡೆಂಟ್ ಇಲ್ಲವೇ ಸಂಗೀತವಿರುವ ಸ್ಲೈಡಿಗೆ ಮೀಸಲಾಗಿರಲಿ. ಈ ಮೂಲ ಪ್ಲೇಔಟ್ ಸರ್ವರಿನದೇ ಆಗಿರಬಾರದು, ಸರ್ವರ್ ಬಿದ್ದರೆ ಅದೂ ಬೀಳುತ್ತದೆ.

2. ಪ್ರೋಗ್ರಾಂ ಔಟ್, ಸರ್ವರ್ ಔಟ್, ಬ್ಯಾಕಪ್ ಔಟ್ ಮೂರು ಮಾನಿಟರ್ ನೋಡಿ. ಸರ್ವರ್ ಔಟ್ ಸರಿಯಿದ್ದು ಪ್ರೋಗ್ರಾಂ ಔಟ್ ಕೆಟ್ಟಿದ್ದರೆ ದೋಷ ಸ್ವಿಚರಿನದು. ಎರಡೂ ಕೆಟ್ಟು ಬ್ಯಾಕಪ್ ಚೆನ್ನಾಗಿದ್ದರೆ ಬ್ಯಾಕಪ್‌ಗೆ ಹೋಗಿ. ಬ್ಯಾಕಪ್ ಕೂಡ ಅದೇ ತಪ್ಪು ತೋರಿಸುತ್ತಿದ್ದರೆ ಅದು ಫೈಲಿನದೋ ಲಿಸ್ಟಿನದೋ ತಪ್ಪು, ಚೇಂಜ್‌ಓವರ್‌ನಿಂದ ಏನೂ ಆಗದು.

3. ಮುಂದಿನ ಸರಿಯಾದ ಸಾಲಿಗೆ ಹೋಗಿ. ಕೆಟ್ಟ ಕ್ಲಿಪ್ಪನ್ನು ಮೊದಲಿನಿಂದ ಓಡಿಸಬೇಡಿ, ಅದು ಅದೇ ಜಾಗದಲ್ಲಿ ಮತ್ತೆ ಕೆಡುತ್ತದೆ. ತಪ್ಪು ಎಪಿಸೋಡು ಹೋಗುತ್ತಿದೆ ಎಂದು ಗೊತ್ತಾದರೆ ಮೊದಲ ಒಂದೆರಡು ನಿಮಿಷದಲ್ಲಾದರೆ ನಿಲ್ಲಿಸಿ ಸರಿಯಾದ್ದನ್ನು ಹಾಕಿ. ಬಹಳ ಹೊತ್ತಾಗಿದ್ದರೆ ಆ ನಿರ್ಧಾರ ಪಾಳಿಯ ಮುಖ್ಯಸ್ಥರದು, ಆಪರೇಟರ್ ಒಬ್ಬರೇ ಹೊರಬಾರದು.

4. 30 ಸೆಕೆಂಡು ಮೀರಿದರೆ ಕ್ಷಮೆಯ ಬರಹವಿರುವ ಸ್ಲೈಡ್ ಹಾಕಿ. ಬರಹ ಚಿಕ್ಕದಿರಲಿ, ಕಾರಣ ಹೇಳಬೇಡಿ. ಆ ಗಳಿಗೆಯಲ್ಲಿ ಹೇಳಿದ ಕಾರಣ ಆಮೇಲೆ ಸುಳ್ಳಾಗುವುದೇ ಹೆಚ್ಚು.

5. ಒಬ್ಬರು ಸ್ವಿಚರಿನಲ್ಲಿ, ಒಬ್ಬರು ಲಿಸ್ಟಿನಲ್ಲಿ, ಒಬ್ಬರು ಫೋನಿನಲ್ಲಿ. ಒಬ್ಬರೇ ಇದ್ದರೆ ಫೋನ್ ಬಾರಿಸುತ್ತಿರಲಿ ಬಿಡಿ.

ಬ್ಯಾಕಪ್ ಬಗ್ಗೆ ಒಂದು ಮಾತು ಸೇರಿಸಲೇಬೇಕು. 2021ರ ಸೆಪ್ಟೆಂಬರ್ 25ರಂದು ಲಂಡನ್ನಿನ ಪ್ರಸಾರ ಕೇಂದ್ರವೊಂದರಲ್ಲಿ ಬೆಂಕಿ ನಂದಿಸುವ ಅನಿಲದ ವ್ಯವಸ್ಥೆ ಚಾಲೂ ಆಗಿ, ಅದರ ಸದ್ದಿನ ಹೊಡೆತಕ್ಕೆ ಹಾರ್ಡ್ ಡಿಸ್ಕುಗಳು ಕೆಟ್ಟವು. ಚಾನೆಲ್ 4 ಚಿತ್ರದ ಮಟ್ಟಿಗೆ ಬ್ಯಾಕಪ್ ಕೇಂದ್ರದಿಂದ ನಡೆಯಿತು, ಸಬ್‌ಟೈಟಲ್ ಸೇವೆ ಮಾತ್ರ ಹಲವು ವಾರ ಸರಿಯಾಗಲಿಲ್ಲ. ಬ್ಯಾಕಪ್ ಕೇಂದ್ರವನ್ನು ಪರೀಕ್ಷಿಸುವಾಗ ಚಿತ್ರ ಬಂತು ಎಂದು ಎದ್ದುಹೋಗಬಾರದು ಎನ್ನುವುದು ಇದಕ್ಕೇ. ಸಬ್‌ಟೈಟಲ್ ಬಂತೇ, ಎರಡನೇ ಭಾಷೆಯ ಟ್ರ್ಯಾಕ್ ಬಂತೇ, ಲೋಗೋ ಇದೆಯೇ, ಎಸ್‌ಸಿಟಿಇ ಸೂಚನೆ ಹೊರಟಿದೆಯೇ ಎಂದು ಒಂದೊಂದೂ ನೋಡಿ. ಕಿವಿ ಕೇಳದವರಿಗೆ ಸಬ್‌ಟೈಟಲ್ ಇಲ್ಲದ ಚಾನೆಲ್ ಅರ್ಧ ಕಪ್ಪಾದ ಹಾಗೆಯೇ.

ತಿಂಗಳಿಗೊಮ್ಮೆಯಾದರೂ ನೋಡುಗರು ಕಡಿಮೆ ಇರುವ ಹೊತ್ತಿನಲ್ಲಿ ಅರ್ಧ ಗಂಟೆ ಬ್ಯಾಕಪ್‌ನಿಂದಲೇ ಪ್ರಸಾರ ಮಾಡಿ. ಕೈಯಿಂದ ಬ್ರೇಕ್ ನಡೆಸುವುದನ್ನು ಆನ್-ಏರ್ ಅಲ್ಲದ ಸ್ವಿಚರಿನಲ್ಲಿ ಪ್ರತಿ ಪಾಳಿಯವರೂ ಅಭ್ಯಾಸ ಮಾಡಲಿ. ಆಟೊಮೇಷನ್ ವರ್ಷಗಟ್ಟಲೆ ಚೆನ್ನಾಗಿ ನಡೆದ ಕಡೆಯೇ ಕೈಗೆ ಈ ಅಭ್ಯಾಸ ತಪ್ಪಿಹೋಗಿರುವುದು.

ತಪ್ಪಿನ ವರದಿಯಲ್ಲಿ ಬರೆಯಬೇಕಾದ್ದು: ಆಸ್-ರನ್ ಲಾಗಿನಿಂದ (ನಿಜವಾಗಿ ಪ್ರಸಾರವಾದದ್ದರ ದಾಖಲೆಯಿಂದ) ತೆಗೆದ ಹೊತ್ತು ಫ್ರೇಮ್ ಸಮೇತ, ಕ್ಲಿಪ್ ಐಡಿ, ಲಿಸ್ಟಿನಲ್ಲಿದ್ದ ಅವಧಿ, ಫೈಲಿನ ನಿಜವಾದ ಅವಧಿ, ಆ ಸಾಲನ್ನು ಕೊನೆಯ ಬಾರಿ ತಿದ್ದಿದ ಹೊತ್ತು, ನೋಡುಗರಿಗೆ ಕಂಡದ್ದು ಏನು ಎಷ್ಟು ಸೆಕೆಂಡು. ಯಾರು ಮಾಡಿದರು ಎನ್ನುವ ಕಾಲಮ್ ಬೇಡ. ಅದು ಇದ್ದರೆ ಮುಂದಿನ ಸಲ ಚಿಕ್ಕ ತಪ್ಪುಗಳನ್ನು ಯಾರೂ ಬರೆಯುವುದಿಲ್ಲ, ದೊಡ್ಡದು ಎಲ್ಲಿಂದ ಬಂತು ಎಂದು ಹುಡುಕುವಾಗ ಬೇಕಾಗುವುದು ಆ ಚಿಕ್ಕವೇ. ವರದಿ ಪಾಳಿ ಮುಗಿಯುವುದರೊಳಗೆ ಬರೆದಾಗಬೇಕು, ಒಂದು ಪ್ರತಿ ಶೆಡ್ಯೂಲಿಂಗ್‌ನ ಮೇಜಿಗೂ ಹೋಗಬೇಕು.